ಕೆರೆ ದಂಡೆಯ ಜಾತ್ರೆ: ಶೌಚದ ನೀರು ಕೆರೆಗಿಳಿಯದಂತೆ ತಡೆಯುವುದು ಹೇಗೆ?

ಶಿವರಾತ್ರಿ ಬಂತೆಂದರೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಲ್ಲಿ ತೇರು, ದನಗಳ ಜಾತ್ರೆಗಳ ಕಾಲ. ಆವಣಿ, ನಂದಿ, ಸಿದ್ಧಗಂಗೆಯಂಥ ದೊಡ್ಡ ಜಾತ್ರೆಗಳಲ್ಲದೆ, ಊರ ಕೆರೆ ದಂಡೆಯಲ್ಲೇ ನಡೆಯುವ ಸಣ್ಣ ಪರಿಷೆ, ತೆಪ್ಪೋತ್ಸವಗಳೂ ಬೇಕಾದಷ್ಟಿವೆ. ಈಗ ಕೆಲವು ಕೆರೆಗಳಿಗೆ ದೋಣಿವಿಹಾರವೂ ಬಂದಿದೆ. ಬಾಡಿಗೆಗೆ ಹತ್ತಿಪ್ಪತ್ತು ಸಂಚಾರಿ ಶೌಚಾಲಯ ತಂದು ನಿಲ್ಲಿಸಿದರೆ ಸಮಿತಿಯ ಜವಾಬ್ದಾರಿ ಮುಗಿಯಿತು ಎಂಬ ಭಾವನೆ ಎಲ್ಲೆಡೆ ಇದೆ. ಆದರೆ ಅವುಗಳ ತಳದಲ್ಲಿ ಕೊಳೆ ಸೇರುವ ಡಬ್ಬಿಗಳು ಮಧ್ಯಾಹ್ನದೊಳಗೆ ತುಂಬುತ್ತವೆ. ತುಂಬಿದ್ದನ್ನು ಎಲ್ಲಿಗೆ ಸಾಗಿಸಬೇಕೆಂದು ಮೊದಲೇ ಗೊತ್ತುಮಾಡಿರದಿದ್ದರೆ, ರಾತ್ರಿ ಹತ್ತರ ಮೇಲೆ ಯಾರೋ ಕೆಳಗಿನ ವಾಲ್ವ್ ತಿರುಗಿಸಿ ರಾಜಕಾಲುವೆಗೆ ಬಿಟ್ಟಿರುತ್ತಾರೆ. ಆದ್ದರಿಂದ ಈ ಕೆಲಸವನ್ನು ಹಿಂದಿನಿಂದ ಮುಂದಕ್ಕೆ ಮಾಡಬೇಕು: ಮೊದಲು ಖಾಲಿ ಮಾಡುವ ಜಾಗ, ಆಮೇಲೆ ಸಕ್ಕಿಂಗ್ ಗಾಡಿ (ಕೊಳೆ ಹೀರಿ ಒಯ್ಯುವ ಟ್ಯಾಂಕರ್), ಕೊನೆಗೆ ಶೌಚಾಲಯ.

ಸಮುದ್ರಕ್ಕಿಂತ ಕೆರೆ ಸೂಕ್ಷ್ಮ

ಹಡಗುಗಳ ಶೌಚದ ನೀರಿಗೆ ಅಂತರರಾಷ್ಟ್ರೀಯ ನಿಯಮವಿದೆ. ಹಡಗುಗಳ ಮಾಲಿನ್ಯ ತಡೆಯುವ ಮಾರ್ಪೋಲ್ ಒಪ್ಪಂದದ ನಾಲ್ಕನೇ ಅನುಬಂಧ 2003ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಅಂತರರಾಷ್ಟ್ರೀಯ ಯಾನದ ದೊಡ್ಡ ಹಡಗುಗಳು ಸಂಸ್ಕರಿಸದ ಶೌಚದ ನೀರನ್ನು ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ. ಆಚೆಗೆ ಹೋಗಿ, ಕನಿಷ್ಠ 4 ನಾಟ್ (ಗಂಟೆಗೆ ಸುಮಾರು 7.4 ಕಿ.ಮೀ.) ವೇಗದಲ್ಲಿ ಚಲಿಸುತ್ತಲೇ ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಬಂದರಿನೊಳಗೆ ಇದ್ದಾಗ ಟ್ಯಾಂಕಿನಲ್ಲಿ ಹಿಡಿದಿಟ್ಟು ದಡದ ಪಂಪಿಗೆ ಕೊಡಬೇಕು. ಅಲೆತಡೆ ಗೋಡೆಯ ಒಳಗಿನ ಬಂದರಿನ ನೀರು ನಿಂತಂತೆಯೇ ಇರುತ್ತದೆ, ಕೊಳೆಯನ್ನು ಹೊರಗೆ ಒಯ್ಯುವುದಿಲ್ಲ ಎಂಬುದೇ ಇದರ ಹಿಂದಿನ ಲೆಕ್ಕ.

ಬಂದರಿಗಾದರೂ ದಿನಕ್ಕೆರಡು ಸಲ ಉಬ್ಬರ ಇಳಿತ ಇದೆ. ನಮ್ಮ ಬಯಲುಸೀಮೆಯ ಕೆರೆಗೆ ಅದೂ ಇಲ್ಲ. ಕೋಡಿ ಬೀಳುವುದು ಎಷ್ಟೋ ವರ್ಷಕ್ಕೊಮ್ಮೆ. ನೀರು ಆವಿಯಾಗುತ್ತದೆ, ಇಲ್ಲವೇ ಕೆಳಕ್ಕೆ ಇಂಗಿ ಸುತ್ತಲ ಕೊಳವೆಬಾವಿ ಸೇರುತ್ತದೆ. ಹಾಕಿದ ಕೊಳೆ ಅಲ್ಲೇ ಉಳಿಯುತ್ತದೆ.

ಕೋಲಾರದ ಕಡೆ ಒಂದು ಮಾತು ತಪ್ಪದೆ ಬರುತ್ತದೆ: "ಬೆಂಗಳೂರಿನ ನೀರೇ ಕೆರೆಗೆ ಬರ್ತಿದೆ, ನಮ್ಮ ಒಂದು ಟ್ಯಾಂಕ್ ಏನು ಮಹಾ?" ಬೆಂಗಳೂರಿನ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ನೀರು 2018ರಿಂದ ಲಕ್ಷ್ಮೀಸಾಗರ ಕೆರೆಯ ಮೂಲಕ ಬರುತ್ತಿರುವುದು ನಿಜ, ಚಿಕ್ಕಬಳ್ಳಾಪುರಕ್ಕೆ ಎಚ್.ಎನ್. (ಹೆಬ್ಬಾಳ–ನಾಗವಾರ) ವ್ಯಾಲಿಯದ್ದೂ ಬರುತ್ತಿದೆ. ಅದರ ಗುಣಮಟ್ಟದ ಬಗ್ಗೆ ತಕರಾರು ಏನೇ ಇರಲಿ, ಅದು ಎಸ್‌ಟಿಪಿಯಲ್ಲಿ (ಕೊಳಚೆ ನೀರು ಸಂಸ್ಕರಣಾ ಘಟಕ) ಎರಡು ಹಂತ ಸಂಸ್ಕರಣೆ ಆದ ನೀರು. ಅಂಥ ನೀರಿನ ಬಿಒಡಿ, ಅಂದರೆ ಕೊಳೆಯನ್ನು ಕರಗಿಸಲು ಬೇಕಾಗುವ ಆಮ್ಲಜನಕ, ಲೀಟರಿಗೆ 10 ಮಿಲಿಗ್ರಾಂ ಆಸುಪಾಸಿನಲ್ಲಿರಬೇಕು. ಮನೆಯ ಚರಂಡಿ ನೀರಿನದು 200ರಿಂದ 300. ಸಂಚಾರಿ ಶೌಚಾಲಯದ ಡಬ್ಬಿಯಲ್ಲಿರುವುದು ಹೆಚ್ಚು ನೀರು ಬೆರೆಯದ ಗಟ್ಟಿ ಸರಕು, ಅದರ ಬಿಒಡಿ ಸಾವಿರಗಳಲ್ಲಿ. 3,000 ಎಂದು ಹಿಡಿದರೆ, 4,000 ಲೀಟರಿನ ಒಂದು ಗಾಡಿ 12 ಕಿಲೋ ಆಮ್ಲಜನಕ ನುಂಗುತ್ತದೆ. ಕೆರೆಯ ಒಂದು ಲೀಟರ್ ನೀರಿನಲ್ಲಿ ಕರಗಿರುವುದು 7 ಮಿಲಿಗ್ರಾಂ. ಅಂದರೆ 17 ಲಕ್ಷ ಲೀಟರ್ ನೀರು ಉಸಿರು ಕಳೆದುಕೊಂಡಂತೆ. ಬೇಸಿಗೆಯಲ್ಲಿ ಬೆಳಗಿನ ಜಾವ ಮೀನು ಬಾಯಿ ತೆರೆದು ಮೇಲಕ್ಕೆ ಬಂದು ಸಾಯುವುದು ಇಂಥದ್ದೇ ಕಾರಣಕ್ಕೆ.

ಎಷ್ಟು ಬೇಕು? ಲೆಕ್ಕ ಹಾಕಿ

ಹಗಲಿಡೀ ನಡೆಯುವ, 3,000 ಜನ ಸೇರುವ ಪರಿಷೆಯನ್ನೇ ತೆಗೆದುಕೊಳ್ಳೋಣ. ತಲೆಗೆ ಒಂದೂವರೆ ಸಲ ಎಂದರೆ 4,500 ಬಳಕೆ. ಅರ್ಧ ಹೆಂಗಸರು, ಅರ್ಧ ಗಂಡಸರು. ಗಂಡಸರ 2,250ರಲ್ಲಿ 1,800 ಮೂತ್ರಕ್ಕಷ್ಟೇ ಎಂದುಕೊಂಡು ಅದನ್ನು ಬೇರೆ ಮಾಡಿ. ಸಲಕ್ಕೆ ಅರ್ಧ ಲೀಟರಿನಂತೆ 900 ಲೀಟರ್. ಒಂದು 1,000 ಲೀಟರ್ ಟ್ಯಾಂಕ್ ಸಾಕು. ಉಳಿದ 2,700 ಬಳಕೆಗೆ, ತೊಳೆಯುವ ನೀರೂ ಸೇರಿ, ತಲಾ 3 ಲೀಟರಿನಂತೆ 8,100 ಲೀಟರ್. ಎರಡೂ ಸೇರಿ 9,000, ಅದರ ಮೇಲೆ ಶೇ 20 ಹೆಚ್ಚುವರಿ: 10,800 ಲೀಟರ್. 4,000 ಲೀಟರಿನ ಸಕ್ಕಿಂಗ್ ಗಾಡಿಯನ್ನು ಶೇ 85ರಷ್ಟೇ, ಅಂದರೆ 3,400 ಲೀಟರ್ ತುಂಬಿಸಬೇಕಾದ್ದರಿಂದ ನಾಲ್ಕು ಟ್ರಿಪ್.

ಸೀಟುಗಳ ಸಂಖ್ಯೆಯನ್ನು ದಿನದ ಲೆಕ್ಕದಲ್ಲಿ ಹಾಕಿದರೆ ಕೆಡುತ್ತೀರಿ. ಊಟದ ಹೊತ್ತಿನ ನೂಕುನುಗ್ಗಲಿನ ಲೆಕ್ಕ ಹಾಕಬೇಕು. ಆಗ ಗಂಟೆಗೆ 500 ಬಳಕೆ ಇದ್ದರೆ 250 ಹೆಂಗಸರದು. ಒಬ್ಬರಿಗೆ 4 ನಿಮಿಷ ಹಿಡಿದರೆ ಒಂದು ಸೀಟು ಗಂಟೆಗೆ 15 ಜನರಿಗೆ ಆಗುತ್ತದೆ, ಹೆಂಗಸರಿಗೇ 17 ಬೇಕು. ಗಂಡಸರಿಗೆ 5 ಸೀಟು, 6 ಮೂತ್ರಿ ಸಾಕು. ಹತ್ತು ಅವರಿಗೆ ಹತ್ತು ಇವರಿಗೆ ಎಂದು ಸಮ ಹಂಚಿದ ಕಡೆಗಳಲ್ಲೆಲ್ಲ ಹೆಂಗಸರು ಸಾಲು ಬಿಟ್ಟು ಜೊಂಡಿನ ಮರೆಗೆ ಹೋಗುತ್ತಾರೆ, ತಂದ ಶೌಚಾಲಯಗಳು ಅಷ್ಟರಮಟ್ಟಿಗೆ ದಂಡ.

ಬಾಡಿಗೆಯ ಒಂಟಿ ಕ್ಯಾಬಿನ್‌ನ ಡಬ್ಬಿ ಸಾಮಾನ್ಯವಾಗಿ 200 ಲೀಟರಿನದು. ಮುಕ್ಕಾಲು ತುಂಬಿದಾಗ, ಅಂದರೆ 150 ಲೀಟರಿಗೆ ಖಾಲಿ ಮಾಡಬೇಕು. ಅದು ಕೇವಲ 50 ಬಳಕೆ. ಹೆಂಗಸರ ಪ್ರತಿ ಕ್ಯಾಬಿನ್ ದಿನಕ್ಕೆ 130 ಸಲ ಬಳಕೆಯಾಗುವುದರಿಂದ ಮೂರು ಸಲ ಹೀರಲೇಬೇಕು. ಬೆಳಿಗ್ಗೆ 11, ಮಧ್ಯಾಹ್ನ 2, ಸಂಜೆ 6 ಎಂದು ಗುತ್ತಿಗೆ ಪತ್ರದಲ್ಲೇ ಬರೆಸಿ. "ತುಂಬಿದಾಗ ಫೋನ್ ಮಾಡಿ" ಎಂಬ ಮಾತಿಗೆ ಒಪ್ಪಬೇಡಿ, ತೇರಿನ ದಿನ ಗಾಡಿ ಜನಸಂದಣಿ ದಾಟಿ ಬರುವುದಿಲ್ಲ.

ಎಲ್ಲಿ ನಿಲ್ಲಿಸುವುದು?

ಕೆರೆಗೆ ಮೂರು ಕಡೆಯಿಂದ ನೆಲ ಇಳಿಜಾರು, ನಾಲ್ಕನೆಯದು ಏರಿ. ಏರಿಯ ಹಿಂಬದಿ, ಅಚ್ಚುಕಟ್ಟಿನ ಕಡೆಗೆ ನಿಲ್ಲಿಸಿದರೆ ಚೆಲ್ಲಿದ್ದು ಕೆರೆಗೆ ಹರಿಯುವುದಿಲ್ಲ. ಏರಿಯ ಬುಡಕ್ಕೇ ಬೇಡ, ತೂಬಿನ ಕಾಲುವೆಯಿಂದ, ಬಾವಿ ಮತ್ತು ಕೊಳವೆಬಾವಿಗಳಿಂದ ದೂರವಿರಲಿ. ಬೇರೆ ದಾರಿಯೇ ಇಲ್ಲದೆ ಅಂಗಳದ ಕಡೆ ನಿಲ್ಲಿಸಬೇಕಾದರೆ, ಕೆರೆ ತುಂಬಿದಾಗ ನೀರು ನಿಲ್ಲುವ ಗೆರೆಯಿಂದ ಕನಿಷ್ಠ 30 ಮೀಟರ್ ಬಿಡಿ. ಈಗ ನೀರಿರುವ ಗೆರೆಯಿಂದಲ್ಲ.

ಏರಿಯ ಮೇಲೆ ಗಾಡಿ ನಿಲ್ಲಿಸಿ ಕೆಳಗಿನ ಡಬ್ಬಿಯಿಂದ ಹೀರಿಸುವ ಯೋಚನೆಯನ್ನೂ ಬಿಡಿ. ತುಂಬಿದ ಗಾಡಿಯ ಭಾರ ಹಳೆಯ ಮಣ್ಣಿನ ಏರಿಗೆ ಒಳ್ಳೆಯದಲ್ಲ, ಹೀರುವುದೂ ಆಗುವುದಿಲ್ಲ. ನಿರ್ವಾತ ಪಂಪು ಸಮುದ್ರ ಮಟ್ಟದಲ್ಲಿ ಲೆಕ್ಕಕ್ಕೆ 10 ಮೀಟರ್ ಎತ್ತಬಹುದು. ಕೋಲಾರ, ಚಿಕ್ಕಬಳ್ಳಾಪುರ 800–900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ 9 ಮೀಟರ್ ಚಿಲ್ಲರೆ. ಗಟ್ಟಿ ಸರಕು, ಉದ್ದದ ಪೈಪು, ಸವೆದ ವಾಷರ್ ಎಲ್ಲ ಸೇರಿದರೆ ಕೈಗೆ ಸಿಗುವುದು 4–5 ಮೀಟರ್ ಮಾತ್ರ. ಗಾಡಿ ಮತ್ತು ಕ್ಯಾಬಿನ್ ಒಂದೇ ಮಟ್ಟದಲ್ಲಿರಲಿ, ನಡುವೆ 15–20 ಮೀಟರ್ ಪೈಪ್ ಸಾಕಾಗುವಂತಿರಲಿ.

ಹಿಂದಿನ ದಿನದ ಪರೀಕ್ಷೆ

ಪ್ರತಿ ಕ್ಯಾಬಿನ್‌ಗೆ ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟ ನೋಡಿ. ವಾಲಿದ್ದರೆ ಒಂದು ಮೂಲೆಯಲ್ಲಿ ಸರಕು ಬೇಗ ತುಂಬಿ ತಳದ ಜೋಡಣೆಯಿಂದ ಒಸರುತ್ತದೆ. ಆಮೇಲೆ ಡಬ್ಬಿಗೆ ಮುಕ್ಕಾಲು ಭಾಗ ಬರೀ ನೀರು ತುಂಬಿಸಿ, ಹೊರಗಂಡಿಯ ವಾಲ್ವ್ ಕೆಳಗೆ ಹಳೆಯ ವೃತ್ತಪತ್ರಿಕೆ ಹಾಸಿ, ನಾಲ್ಕು ಗಂಟೆ ಬಿಡಿ. ಕಾಗದದ ಮೇಲೆ ಎಂಟಾಣೆಯಷ್ಟು ಒದ್ದೆ ಗುಂಡು ಕಂಡರೂ ರಬ್ಬರ್ ವಾಷರ್ ಬದಲಿಸಿ. ಹೆಚ್ಚಾಗಿ ಹಳೆಯ ವಾಷರ್ ಅಂಚಿನಲ್ಲಿ ಒಣಗಿ ಬಿರುಕು ಬಿಟ್ಟಿರುತ್ತದೆ. ಅದಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಬಿಗಿಮಾಡಿದ್ದರೆ ಆ ಕ್ಯಾಬಿನ್ ವಾಪಸ್ ಕಳಿಸಿ.

ಈ ವಾಲ್ವ್ ವಿಷಯದಲ್ಲಿ ದೋಣಿಯವರ ಪದ್ಧತಿ ಕಲಿಯುವಂಥದ್ದು. ಟ್ಯಾಂಕಿನಿಂದ ನೇರ ಸಮುದ್ರಕ್ಕೆ ಬಿಡುವ ವಾಲ್ವನ್ನು ಬಂದರಿನಲ್ಲಿರುವಾಗ ಮುಚ್ಚಿ, ಹಿಡಿಯನ್ನು ತಂತಿಯಿಂದ ಬಿಗಿಯುತ್ತಾರೆ, ಇಲ್ಲವೇ ಹಿಡಿಯನ್ನೇ ಕಳಚಿಡುತ್ತಾರೆ. ನೀವೂ ಹಿಡಿ ಕಳಚಿ ಮೇಲ್ವಿಚಾರಕರ ಜೇಬಿನಲ್ಲಿಡಿ, ತಂತಿ ಸುತ್ತಿ ಸೀಸದ ಸೀಲು ಒತ್ತಿ. ಬೆಳಿಗ್ಗೆ ಸೀಲು ಒಡೆದಿದ್ದರೆ ರಾತ್ರಿ ಏನು ನಡೆದಿದೆ ಎಂದು ಬೇರೆ ಕೇಳಬೇಕಿಲ್ಲ.

1,000 ಲೀಟರಿನ ಮೂತ್ರದ ಟ್ಯಾಂಕಿನ ಕೆಳಗೆ ಮಾತ್ರ 5 ಮೀಟರ್ ಉದ್ದ, 2 ಮೀಟರ್ ಅಗಲದ ಟಾರ್ಪಾಲ್ ಹಾಸಿ, ಅಂಚಿಗೆ ಮರಳಿನ ಮೂಟೆ ಇಟ್ಟು 15 ಸೆಂ.ಮೀ. ಎತ್ತರಿಸಿ. ಟ್ಯಾಂಕ್ ಒಡೆದರೂ ಎಲ್ಲವೂ ಅದರೊಳಗೇ ನಿಲ್ಲುತ್ತದೆ.

ಜಾತ್ರೆಯ ದಿನ

ಬೆಳಿಗ್ಗೆ ಪ್ರತಿ ಡಬ್ಬಿಗೂ 10 ಲೀಟರ್ ಶುದ್ಧ ನೀರು ಹಾಕಿ ಶುರುಮಾಡಿ. ಒಣ ತಳಕ್ಕೆ ಬಿದ್ದದ್ದು ಅಂಟಿಕೊಂಡರೆ ಪೈಪು ಹೀರುವುದಿಲ್ಲ. ಒಳಗೆ ನಲ್ಲಿ ಬೇಡ. ಬಕೆಟ್, ಒಂದು ಲೀಟರಿನ ಮಗ್ಗು ಸಾಕು. ಅರ್ಧ ತಿರುಗಿಸಿಟ್ಟ ನಲ್ಲಿಯಿಂದ ನಿಮಿಷಕ್ಕೆ 2 ಲೀಟರ್ ಬಿದ್ದರೂ 75 ನಿಮಿಷದಲ್ಲಿ ಡಬ್ಬಿ ಮುಕ್ಕಾಲು ತುಂಬಿಹೋಗುತ್ತದೆ. ಕೈತೊಳೆಯುವ ನೀರಿಗೆ ಹೊರಗೆ ಬೇರೆ ಡ್ರಮ್ಮು, ಬೇರೆ ಸೋಪು.

ಪೈಪು ಕಟ್ಟಿಕೊಳ್ಳುವುದು ಹೆಚ್ಚಾಗಿ ಸ್ಯಾನಿಟರಿ ಪ್ಯಾಡ್, ಗುಟ್ಕಾ ಚೀಟಿ, ನೀರಿನ ಬಾಟಲಿಯಿಂದ. ಪ್ರತಿ ಕ್ಯಾಬಿನ್‌ನೊಳಗೆ ಮುಚ್ಚಳದ ಕಸದ ಬುಟ್ಟಿ ಇಡಿ. ಹೊರಗೆ ಇಟ್ಟರೆ ಪ್ಯಾಡ್ ಹಾಕಲು ಯಾರೂ ಹೊರಗೆ ಬರುವುದಿಲ್ಲ.

ವಾಸನೆಗೆ ಫಿನಾಯಿಲ್ ಸುರಿಯುವುದು ನಮ್ಮಲ್ಲಿ ರೂಢಿ. ನೆಲ ಒರೆಸಲು ಬಳಸಿ, ಡಬ್ಬಿಯೊಳಗೆ ಬೇಡ. ಫಿನಾಯಿಲ್, ಫಾರ್ಮಾಲಿನ್ ಇರುವ ನೀಲಿ ದ್ರವ, ಬ್ಲೀಚಿಂಗ್ ಪೌಡರ್ ಇವೆಲ್ಲ ಎಸ್‌ಟಿಪಿಯಲ್ಲಿ ಕೊಳೆ ತಿನ್ನುವ ಜೀವಾಣುಗಳನ್ನೇ ಕೊಲ್ಲುತ್ತವೆ, ಅಲ್ಲಿಯ ಆಪರೇಟರ್ ನಿಮ್ಮ ಗಾಡಿಯನ್ನು ವಾಪಸ್ ಕಳಿಸಿದರೆ ತಪ್ಪು ಅವರದಲ್ಲ. ಬ್ಲೀಚಿಂಗ್ ಪೌಡರ್ ಮೂತ್ರದ ಅಮೋನಿಯಾ ಜತೆ ಸೇರಿದರೆ, ಅದಕ್ಕಿಂತ ಮಿಗಿಲಾಗಿ ಟಾಯ್ಲೆಟ್ ಆ್ಯಸಿಡ್ ಜತೆ ಸೇರಿದರೆ, ವಿಷಾನಿಲ ಏಳುತ್ತದೆ. ವಾಸನೆಗೆ ನಿಜವಾದ ಮದ್ದು 75 ಮಿ.ಮೀ. ಗಾಳಿಕೊಳವೆ. ಚಾವಣಿಯಿಂದ ಅರ್ಧ ಮೀಟರ್ ಮೇಲಕ್ಕಿರಲಿ, ಬಾಯಿಗೆ ಸೊಳ್ಳೆ ಪರದೆಯ ಜಾಲರಿ ಕಟ್ಟಿ.

ಪೈಪು ಬಿಚ್ಚುವ ಗಳಿಗೆ

ಚೆಲ್ಲುವುದು ಹೀರುವಾಗಲ್ಲ, ಹೀರಿ ಮುಗಿದ ಮೇಲೆ. 100 ಮಿ.ಮೀ. ವ್ಯಾಸದ 15 ಮೀಟರ್ ಪೈಪು ತುಂಬಿದ್ದರೆ ಅದರೊಳಗೆ 118 ಲೀಟರ್ ಇರುತ್ತದೆ. ಪಂಪು ನಿಲ್ಲಿಸಿದ ತಕ್ಷಣ ಜೋಡಣೆ ಕಳಚಿದರೆ ಅಷ್ಟೂ ನೆಲಕ್ಕೆ. ಹೀಗೆ ಮಾಡಿಸಿ: ಡಬ್ಬಿ ಖಾಲಿಯಾದ ಮೇಲೂ ಪಂಪು ಓಡುತ್ತಿರಲಿ. ಪೈಪಿನ ತುದಿಯನ್ನು ಬಕೆಟ್ ನೀರಿನಲ್ಲಿ ಅದ್ದಿ 10 ಲೀಟರ್ ಹೀರಿಸಿ, ಒಳಗೆ ತೊಳೆದಂತಾಗುತ್ತದೆ. ಬಳಿಕ ತುದಿಯನ್ನು ಮೇಲಕ್ಕೆತ್ತಿ, ಕ್ಯಾಬಿನ್ ಕಡೆಯಿಂದ ಗಾಡಿಯತ್ತ ಹೆಗಲ ಮೇಲೆ ಪೈಪನ್ನು ಎತ್ತಿಕೊಂಡೇ ನಡೆಯಬೇಕು. ಗಾಡಿಯ ವಾಲ್ವ್ ಮುಚ್ಚಿ, ಕೆಳಗೆ ಅಗಲದ ತಟ್ಟೆ ಇಟ್ಟು, ಆಮೇಲೆ ಜೋಡಣೆ ಬಿಚ್ಚುವುದು. ಎರಡೂ ತುದಿಗೆ ಮುಚ್ಚಳ.

ಗಾಡಿಯನ್ನು ಶೇ 85ಕ್ಕಿಂತ ಹೆಚ್ಚು ತುಂಬಿಸಬೇಡಿ. ಅದರ ಮೇಲೆ ಹೋದರೆ ನೊರೆ ಪಂಪಿಗೆ ಸೇರಿ, ಹೊಗೆಕೊಳವೆಯಿಂದ ಸುತ್ತಲಿನವರ ಮೇಲೆ ಸಿಡಿಯುತ್ತದೆ. ಕಟ್ಟಿಕೊಂಡ ಟ್ಯಾಂಕಿನೊಳಗೆ ಯಾರನ್ನೂ ಇಳಿಸುವಂತಿಲ್ಲ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅದು ಅಪರಾಧ, ಒಳಗಿನ ಹೈಡ್ರೋಜನ್ ಸಲ್ಫೈಡ್ ಎರಡು ಉಸಿರಿಗೆ ಆಳನ್ನು ಬೀಳಿಸುತ್ತದೆ.

ಏನಾದರೂ ಚೆಲ್ಲಿತೋ, ಕೊಳಾಯಿ ಹಿಡಿದು ತೊಳೆಯಲು ಹೋಗಬೇಡಿ. ಅದು ಕೆರೆಗೇ ದಾರಿ ಮಾಡಿಕೊಟ್ಟಂತೆ. ಮರದ ಹೊಟ್ಟು ಅಥವಾ ಬೂದಿ ಸುರಿದು, ಹೀರಿಕೊಂಡ ಮೇಲೆ ಸನಿಕೆಯಿಂದ ಕೆರೆದು ಚೀಲಕ್ಕೆ ತುಂಬಿ, ಜಾಗಕ್ಕೆ ಸುಣ್ಣ ಎರಚಿ.

ದೋಣಿಯಲ್ಲಿ

ಅರ್ಧ ಗಂಟೆಯ ಪೆಡಲ್ ದೋಣಿಗೆ ಶೌಚಾಲಯದ ಪ್ರಶ್ನೆಯೇ ಇಲ್ಲ; ಟಿಕೆಟ್ ಕೊಡುವ ಜಾಗಕ್ಕೂ ಶೌಚಾಲಯಕ್ಕೂ ಎರಡು ನಿಮಿಷದ ದಾರಿ ಇದ್ದರೆ ಸಾಕು. ದೊಡ್ಡ ದೋಣಿ ಇಟ್ಟರೆ 20 ಲೀಟರಿನ ಕಳಚುವ ಪೆಟ್ಟಿಗೆಯ ಶೌಚಾಲಯ ಮಾತ್ರ ಇರಲಿ, ನೀರಿಗೆ ಬಿಡುವ ರಂಧ್ರ ಇರುವ ಮಾದರಿ ಬೇಡ. ಕೆರೆಯಲ್ಲಿ 12 ನಾಟಿಕಲ್ ಮೈಲಿ ಎಲ್ಲಿಂದ ತರುವುದು?

ಕೊನೆಯ ತಾಣ

ಹದಿನೈದು ದಿನ ಮೊದಲೇ ಹತ್ತಿರದ ನಗರಸಭೆ ಅಥವಾ ಪುರಸಭೆಗೆ ಪತ್ರ ಕೊಟ್ಟು ಎಸ್‌ಟಿಪಿಯಲ್ಲಿ ಸುರಿಯಲು ಸಮಯ ಪಡೆಯಿರಿ. ಚಿಕ್ಕಬಳ್ಳಾಪುರಕ್ಕೆ ಹತ್ತಿರದ ದೇವನಹಳ್ಳಿಯಲ್ಲಿ ಶೌಚಗುಂಡಿಯ ಕೊಳೆಗೆಂದೇ ಒಂದು ಘಟಕ 2015ರಲ್ಲಿ ಶುರುವಾಯಿತು, ದೇಶದಲ್ಲೇ ಪಟ್ಟಣ ಮಟ್ಟದ ಮೊದಲನೆಯದು. ಎಲ್ಲೇ ಆಗಲಿ, ಸುರಿದ ಹೊತ್ತು ಮತ್ತು ಲೀಟರ್ ಬರೆದ ಚೀಟಿಗೆ ಅಲ್ಲಿಯ ಆಪರೇಟರ್ ಸಹಿ ಹಾಕಿರಬೇಕು. ನಾಲ್ಕು ಟ್ರಿಪ್‌ಗೆ ನಾಲ್ಕು ಚೀಟಿ ಬಾರದೆ ಬಾಡಿಗೆ ಕೊಡಬೇಡಿ. ಯುಜಿಡಿ (ಒಳಚರಂಡಿ) ಮ್ಯಾನ್‌ಹೋಲ್‌ಗೆ ಸುರಿದು ಬಂದೆವು ಎಂಬ ಉತ್ತರಕ್ಕೆ ಬೆಲೆ ಇಲ್ಲ.

ಹತ್ತಿರದಲ್ಲಿ ಯಾವ ಘಟಕವೂ ಇಲ್ಲದಿದ್ದರೆ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಒಪ್ಪಿಗೆ ಪಡೆದು ಕೆರೆ, ಬಾವಿಗಳಿಂದ 100 ಮೀಟರಿಗೂ ದೂರದ ಎತ್ತರದ ಮಣ್ಣುನೆಲದಲ್ಲಿ ಹೂಳುವುದು ಎರಡನೇ ದಾರಿ. ಬಂಡೆ ಮೇಲಿರುವ ಕಡೆ ಬೇಡ, ನಮ್ಮ ಬಂಡೆಯ ಬಿರುಕುಗಳು ನೇರ ಕೊಳವೆಬಾವಿಗೆ ಹೋಗುತ್ತವೆ. 4,000 ಲೀಟರಿಗೆ 10–12 ಕಿಲೋ ಅರಳಿದ ಸುಣ್ಣ ಕಲಸಿ, ಪಿಎಚ್ ಕಾಗದದಲ್ಲಿ 12 ತೋರಿಸಿ ಅರ್ಧ ಗಂಟೆ ನಿಂತ ಮೇಲೆ, 60 ಸೆಂ.ಮೀ. ಅಗಲ, 80 ಸೆಂ.ಮೀ. ಆಳ, 17 ಮೀಟರ್ ಉದ್ದದ ಕಾಲುವೆಗೆ ಅರ್ಧ ಆಳದವರೆಗೆ ಬಿಡಿ. ಉಳಿದರ್ಧಕ್ಕೆ ಅಗೆದ ಮಣ್ಣು. ಮೇಲೆ ಹೊಂಗೆ, ಬೇವು ಹಾಕಬಹುದು. ಟೊಮೆಟೊ, ಸೊಪ್ಪು ಬೇಡ.

ಜಾತ್ರೆಗೆ ಎರಡು ದಿನ ಮೊದಲು ಮತ್ತು ಮುಗಿದ ಹತ್ತು ದಿನಕ್ಕೆ ಸುತ್ತಲ ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿ. ಜಲಜೀವನ್ ಮಿಷನ್‌ನ ಪರೀಕ್ಷಾ ಕಿಟ್ ಪಂಚಾಯಿತಿಯಲ್ಲಿದ್ದರೆ ಅದರ ಹೈಡ್ರೋಜನ್ ಸಲ್ಫೈಡ್ ಶೀಶೆ ಸಾಕು: ಗೆರೆಯವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ 24ರಿಂದ 48 ಗಂಟೆ ಇಟ್ಟಾಗ ಕಪ್ಪಾದರೆ ಶೌಚದ ಕೊಳೆ ಸೇರಿರುವ ಸಾಧ್ಯತೆ ಇದೆ ಎಂದು ತಿಳಿದು ಪ್ರಯೋಗಾಲಯಕ್ಕೆ ಕಳಿಸಿ. ಮೊದಲು ತಿಳಿಯಾಗಿದ್ದು ಆಮೇಲೆ ಕಪ್ಪಾದರೆ ಸೀಲು ಮತ್ತು ಚೀಟಿಗಳನ್ನು ಮತ್ತೆ ತೆರೆದು ನೋಡಿ. ಎರಡು ಸಲವೂ ಕಪ್ಪಾದರೆ ತಪ್ಪು ಜಾತ್ರೆಯದಲ್ಲ, ಊರಿನ ಶೌಚಗುಂಡಿಗಳನ್ನು ಹುಡುಕಬೇಕು.