ಮೆಟ್ರೊ ಕಂಬಕ್ಕೆ ಮುಂಚಿನ ಆರಡಿ

ಮೆಟ್ರೊ ತಡವಾದರೆ ಜನ ಸುರಂಗ ಕೊರೆಯುವ ಯಂತ್ರವನ್ನು ಬೈಯುತ್ತಾರೆ. ನಾನು ಕಂಡಂತೆ ದಿನಗಳನ್ನು ನುಂಗುವುದು ರಸ್ತೆಯ ಕೆಳಗಿನ ಮೊದಲ ಆರಡಿ ಮಣ್ಣು. ಬೈಯಪ್ಪನಹಳ್ಳಿ–ಎಂ.ಜಿ. ರಸ್ತೆ ಮಾರ್ಗ 2011ರ ಅಕ್ಟೋಬರ್‌ನಲ್ಲಿ ತೆರೆಯಿತು. ಮೊದಲ ಹಂತದ 42 ಕಿ.ಮೀ. ಪೂರ್ತಿಯಾಗುವಾಗ 2017ರ ಜೂನ್.

ಎರಡನೇ ಹಂತದಲ್ಲಿ ಹೊರವರ್ತುಲ ರಸ್ತೆಯ ಒಂದು ಭಾಗದ ಕೊಳವೆ, ಕೇಬಲ್ ಸರಿಸುವ ಉಪಗುತ್ತಿಗೆ ನನ್ನದಾಗಿತ್ತು. ಮೊದಲ ಆರು ತಿಂಗಳು ನಕ್ಷೆ ನಂಬಿ ಕೆಟ್ಟೆ. ನಕ್ಷೆಯಲ್ಲಿ ರಸ್ತೆ ಅಂಚಿನಲ್ಲಿದ್ದ ನೀರಿನ ಕೊಳವೆ, ರಸ್ತೆ ಅಗಲವಾದ ಮೇಲೆ ನಟ್ಟನಡುವೆ ಬಂದಿತ್ತು. ರಾತ್ರಿ ಎರಡು ಗಂಟೆಗೆ ಜೆಸಿಬಿಯ ಹಲ್ಲು ತಗುಲಿತು. ಬೆಳಗಾಗುವಷ್ಟರಲ್ಲಿ ಎರಡು ಬಡಾವಣೆಗೆ ನೀರಿಲ್ಲ, ನನಗೆ ನಾಲ್ಕು ಲಕ್ಷದ ಆಸುಪಾಸು ದಂಡ. ಕಂಬದ ಅಡಿಪಾಯಕ್ಕೆ ನೆಲ ಕೊರೆಯುವ ಪೈಲ್ ರಿಗ್ ಹತ್ತು–ಹನ್ನೊಂದು ದಿನ ಸುಮ್ಮನೆ ನಿಂತಿತು, ಬಾಡಿಗೆ ಮಾತ್ರ ಓಡಿತು. ಹೆಂಡತಿಯ ಬಳೆಗಳು ಬ್ಯಾಂಕು ಸೇರಿದವು.

ನೆಲದೊಳಗಿನ ಕೊಳವೆ ತೋರಿಸುವ ರೇಡಾರ್ ತರಿಸಿದೆ. ಒಣ ಮಣ್ಣಿನಲ್ಲಿ ಪರವಾಗಿಲ್ಲ. ಹಳೆಯ ಕೆರೆಯಂಗಳದ ಹಸಿ ಜೇಡಿಯಲ್ಲಿ ಪರದೆಯ ತುಂಬ ಬರೀ ಮಂಜು. ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನೂ ಒಂದು ರಾತ್ರಿ ಕರೆಸಿದ್ದೆ. ಕಾಯಿ ಎದ್ದು ನಿಂತ ಜಾಗದಲ್ಲಿ ಸಿಕ್ಕಿದ್ದು ಸತ್ತ ಫೋನ್ ಕೇಬಲ್.

ಕೊನೆಗೆ ಬಡಾವಣೆಗಳಿಗೆ ನೀರು ಬಿಡುತ್ತಿದ್ದ ನಿವೃತ್ತ ವಾಲ್ವ್‌ಮನ್ ಒಬ್ಬರನ್ನು ದಿನಗೂಲಿಗೆ ಒಪ್ಪಿಸಿದೆ. ಪ್ರತಿ ಕಂಬದ ಜಾಗದಲ್ಲೂ ರಿಗ್ ಬರುವ ಮೊದಲೇ ಅಡ್ಡಲಾಗಿ ಕೈಯಿಂದ ಅಗೆದ ಗುಂಡಿ. ಈ ಕಾಲದಲ್ಲೂ ಪಿಕಾಸಿಯೇ ಎಂದು ಪ್ರಾಜೆಕ್ಟ್ ಮ್ಯಾನೇಜರ್ ನಕ್ಕರು. ಒಂದು ಕಡೆ ಆ ಹಿರಿಯರು ಡಾಂಬರಿನ ಮೇಲೆ ಚಪ್ಪಲಿಯಿಂದ ಗೀರಿ, “ಇಲ್ಲೊಂದು ಹುಣಸೆಮರ ಇತ್ತು ಸ್ವಾಮಿ, ಕೊಳವೆ ಅದನ್ನು ಬಳಸಿಕೊಂಡು ಹೋಗಿದೆ” ಎಂದರು. ಮರದ ಗುರುತೂ ಇರಲಿಲ್ಲ. ಐದಡಿ ಅಗೆದಾಗ ಬೀಡು ಕಬ್ಬಿಣದ ಕೊಳವೆ ಸಿಕ್ಕಿತು. ಇಲ್ಲದ ಮರವನ್ನು ಸುತ್ತಿ ಬಾಗಿತ್ತು.

ಗುಂಡಿಯೊಂದಕ್ಕೆ ಹದಿನೈದು ಸಾವಿರ ಬಿದ್ದಿರಬಹುದು. ರಿಗ್ ಒಂದು ದಿನ ನಿಂತರೆ ಅದರ ಮೂರು ಪಟ್ಟು ಹೋಗುತ್ತಿತ್ತು. ಆಮೇಲಿನ ನಲವತ್ತು ಚಿಲ್ಲರೆ ಕಂಬಗಳಲ್ಲಿ ಒಂದು ಕೊಳವೆಯೂ ಒಡೆಯಲಿಲ್ಲ. ಅಕ್ಕಪಕ್ಕದ ಗುತ್ತಿಗೆದಾರರು ಯಾರಾದರೂ ಹೀಗೆ ಹೇಳಲಿ, ನೋಡೋಣ.

ಕೇಬಲ್ ಸಿಕ್ಕರೆ ಸಾಲದು, ಸರಿಸಲು ಕರೆಂಟ್ ತೆಗೆಸಬೇಕು. ಮಾರ್ಚ್‌ನಲ್ಲಿ ಪರೀಕ್ಷೆ, ಏಪ್ರಿಲ್‌ನಲ್ಲಿ ಸೆಕೆ, ವಿದ್ಯುತ್ ಕಚೇರಿಯವರು ಒಪ್ಪುವುದಿಲ್ಲ. ನಾನು ಜನವರಿಯಲ್ಲೇ ತಾರೀಕು ಬರೆಸಿಕೊಳ್ಳುತ್ತೇನೆ. ಅರ್ಜಿಯ ಹಿಂದೆ ಒಂದು ಹಾಳೆ ಲಗತ್ತಿಸುತ್ತೇನೆ, ಲಂಚವಲ್ಲ. ಅದರಲ್ಲೇನಿದೆ ಎಂದು ಹೇಳುವುದಿಲ್ಲ.

ನಕ್ಕಿದ್ದ ಮ್ಯಾನೇಜರ್ ಈಗ ಬೇರೊಂದು ಗುತ್ತಿಗೆ ಭಾಗದಲ್ಲಿದ್ದಾರೆ. ಹೋದ ವಾರ ಫೋನ್ ಮಾಡಿ ವಾಲ್ವ್‌ಮನ್ ನಂಬರ್ ಕೇಳಿದರು. ಇನ್ನೂ ಕೊಟ್ಟಿಲ್ಲ.