ಪತ್ತಾಯದ ಮುಂದೆ ನಿಂತು ಓದಿದ ಎರಡು ವರ್ಷ

ಮೂಡಿಗೆರೆಯ ಸಮೀಪದ ಕಾಫಿ ತೋಟವೊಂದರಲ್ಲಿ ನಾನು ಆಫೀಸ್ ರೈಟರ್. ಚೆಕ್‌ರೋಲ್ ಎಂಬ ಆಳುಗಳ ಹಾಜರಿ ಪುಸ್ತಕ, ಸಂಬಳದ ಲೆಕ್ಕ, ಗೊಬ್ಬರದ ದಾಸ್ತಾನು ಎಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಕುರ್ಚಿ ಬಿಟ್ಟು ಏಳದ ಕೆಲಸ. ನಲವತ್ತು ದಾಟಿದ ಮೇಲೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ಇತಿಹಾಸದಲ್ಲಿ ಎಂ.ಎ. ಓದಲು ತೊಡಗಿದಾಗ ನನ್ನನ್ನು ಹೆಚ್ಚು ಕಾಡಿದ್ದು ಪಾಠವಲ್ಲ, ನಿದ್ದೆ. ರಾತ್ರಿ ಊಟ ಮುಗಿಸಿ, ಆಷಾಢದ ಮಳೆ ಹಂಚಿನ ಮೇಲೆ ಒಂದೇ ಸಮನೆ ಸುರಿಯುತ್ತಿರುವಾಗ ಪುಸ್ತಕ ಹಿಡಿದು ಕುಳಿತರೆ ಎರಡನೆಯ ಪುಟಕ್ಕೇ ರೆಪ್ಪೆ ಭಾರವಾಗುತ್ತಿತ್ತು.

ಒಂದು ರಾತ್ರಿ ಎದ್ದು, ನಡುಮನೆಯ ಪತ್ತಾಯದ ಮೇಲೆ ಪುಸ್ತಕವಿಟ್ಟು ನಿಂತೇ ಓದಿದೆ. ಹಿಂದೆ ಭತ್ತ ತುಂಬಿಡುತ್ತಿದ್ದ ಆ ಹಲಸಿನ ಮರದ ಪೆಟ್ಟಿಗೆ 34 ಇಂಚು ಎತ್ತರವಿದೆ. ಬಗ್ಗಿ ಓದಿ ಕತ್ತು ನೋಯತೊಡಗಿದ್ದರಿಂದ, ಅಜ್ಜಿ ಪಾರಾಯಣಕ್ಕೆ ಬಳಸುತ್ತಿದ್ದ ವ್ಯಾಸಪೀಠವನ್ನು ಮರುದಿನ ಅದರ ಮೇಲಿಟ್ಟೆ. ಪುಸ್ತಕದ ಕೆಳ ಅಂಚು ನೆಲದಿಂದ 42 ಇಂಚಿಗೆ ಬಂತು. ತೋಳನ್ನು ಸಡಿಲವಾಗಿ ಇಳಿಬಿಟ್ಟು ಮೊಣಕೈ ಮಡಚಿದರೆ ಮುಂಗೈ ನೆಲಕ್ಕೆ ಸಮಾನಾಂತರವಾಗಿ ನಿಲ್ಲುವ ಎತ್ತರವೇ ಸರಿಯಾದ ಎತ್ತರ. ಐದಡಿ ಆರಿಂಚಿನ ನನಗೆ ಅದು ಹೆಚ್ಚುಕಡಿಮೆ ಅಷ್ಟೇ ಆಗಿತ್ತು.

ನಿದ್ದೆ ದೂರವಾದ ಉತ್ಸಾಹದಲ್ಲಿ ಮೊದಲ ವಾರ ಪ್ರತಿ ರಾತ್ರಿ ಎರಡೂವರೆ ಗಂಟೆ ಅಲುಗಾಡದೆ ನಿಂತೆ. ನಾಲ್ಕನೆಯ ದಿನಕ್ಕೆ ಹಿಮ್ಮಡಿ ಉರಿಯತೊಡಗಿತು, ವಾರದ ಕೊನೆಗೆ ಪಾದ ಊದಿಕೊಂಡು ಚಪ್ಪಲಿ ಬಿಗಿಯಾಯಿತು. ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದು, ಕಾಲಿನ ರಕ್ತನಾಳಗಳು ಉಬ್ಬಿ ನೊಂದಿರುವ ನನ್ನ ಅಪ್ಪ ಅದನ್ನು ಕಂಡು, “ಕಂಬದ ಹಾಗೆ ನಿಲ್ಲಬೇಡ ಕಣೋ, ಕಾಲು ಆಡಿಸ್ತಾ ಇರು” ಎಂದರು. ಅವರು ಹೇಳಿದ್ದಕ್ಕೆ ದೇಹದಲ್ಲಿಯೇ ಕಾರಣವಿದೆ. ಮೀನಖಂಡದ ಸ್ನಾಯುಗಳು ಕುಗ್ಗಿ ಸಡಿಲವಾಗುವಾಗ ಒಳಗಿನ ರಕ್ತನಾಳಗಳನ್ನು ಅಮುಕಿ ರಕ್ತವನ್ನು ಹೃದಯದ ಕಡೆಗೆ ತಳ್ಳುತ್ತವೆ, ನಾಳದ ಕವಾಟಗಳು ಅದು ಹಿಂದಕ್ಕೆ ಇಳಿಯದಂತೆ ತಡೆಯುತ್ತವೆ. ಅಲುಗದೆ ನಿಂತರೆ ಈ ಪಂಪು ಕೆಲಸ ಮಾಡುವುದಿಲ್ಲ. ರಕ್ತ ಕಾಲಿನಲ್ಲಿಯೇ ತಂಗುತ್ತದೆ.

ಆಮೇಲೆ ಕಾಲಡಿಗೆ ಗೋಣಿಚೀಲವನ್ನು ನಾಲ್ಕು ಮಡಿಕೆ ಹಾಕಿ ಹಾಸಿದೆ. ಸಿಮೆಂಟಿನ ನೆಲದ ತಣ್ಣಗೂ ಗಡಸೂ ಅದರಿಂದ ತಪ್ಪಿದವು. ಪಕ್ಕದಲ್ಲೊಂದು ಮಣೆಯಿಟ್ಟು, ಒಮ್ಮೆ ಎಡಗಾಲು ಒಮ್ಮೆ ಬಲಗಾಲು ಅದರ ಮೇಲಿಡುವುದನ್ನು ರೂಢಿಸಿಕೊಂಡಾಗ ಸೊಂಟದ ಬಿಗಿ ಕಡಿಮೆಯಾಯಿತು. ಇಪ್ಪತ್ತೈದು ನಿಮಿಷ ನಿಲ್ಲುವುದು, ಜಗಲಿಯ ಈ ತುದಿಯಿಂದ ಆ ತುದಿಗೆ ಎರಡು ಸುತ್ತು ನಡೆಯುವುದು, ಮತ್ತೆ ಅಷ್ಟೇ ಹೊತ್ತು ಕುಳಿತು ಓದುವುದು ಎಂಬ ಕ್ರಮ ಎರಡು ವರ್ಷವೂ ನಡೆಯಿತು.

ನಿಂತು ಓದಿದ್ದರ ನಿಜವಾದ ಲಾಭ ನನಗೆ ದೊರೆತದ್ದು ನೆನಪಿಗೆ ಸಂಬಂಧಿಸಿದ ಕೆಲಸದಲ್ಲಿ. ಕುಳಿತಾಗ ಕಣ್ಣು ಸಾಲಿನ ಮೇಲೆ ಹರಿದುಹೋಗುತ್ತಿತ್ತು. ನಿಂತಾಗ ಪುಸ್ತಕ ಮುಚ್ಚಿ, ಎದುರಿಗೆ ಯಾರೋ ಇದ್ದಾರೆಂಬಂತೆ ದನಿಯೆತ್ತಿ ಹೇಳುವುದು ಸಹಜವಾಗಿ ಬಂತು. ನಮ್ಮ ತಾಲ್ಲೂಕಿನ ಅಂಗಡಿ ಎಂಬ ಊರೇ ಹೊಯ್ಸಳರ ಹಳೆಯ ಸೊಸೆವೂರು ಎಂಬಲ್ಲಿಂದ ಆರಂಭಿಸಿ, ವಿನಯಾದಿತ್ಯ, ಎರೆಯಂಗ, ಒಂದನೆಯ ಬಲ್ಲಾಳ, ವಿಷ್ಣುವರ್ಧನ ಎಂದು ಒಂದೊಂದು ಹೆಸರಿಗೂ ಕಾಲು ಬದಲಿಸುತ್ತ, 1117ರ ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಗೆ ಬಂದು ನಿಲ್ಲುತ್ತಿದ್ದೆ. ಎಲ್ಲಿ ತಡವರಿಸಿದೆನೋ ಆ ಪುಟವನ್ನಷ್ಟೇ ತೆರೆದು ನೋಡುತ್ತಿದ್ದೆ. ಓದಿದ್ದನ್ನು ನೋಡದೆ ಹೇಳಿಕೊಳ್ಳುವುದೇ ಇಲ್ಲಿ ಮುಖ್ಯ, ನಿಲ್ಲುವುದು ಅದಕ್ಕೆ ದಾರಿ ಮಾಡಿಕೊಟ್ಟಿತು ಎಂಬುದು ನನ್ನ ತಿಳಿವಳಿಕೆ.

ಉತ್ತರ ಬರೆಯಲು ಮಾತ್ರ ನಿಲ್ಲುವುದು ನನಗೆ ಒಗ್ಗಲಿಲ್ಲ. ಅರ್ಧ ಗಂಟೆಯಲ್ಲಿ ಭುಜ ಮೇಲೇರಿ ಅಕ್ಷರ ಕೆಡುತ್ತಿತ್ತು. ಪರೀಕ್ಷೆಯನ್ನು ಮೂರು ಗಂಟೆ ಕುಳಿತೇ ಬರೆಯಬೇಕಾದ್ದರಿಂದ, ಕೊನೆಯ ತಿಂಗಳು ಬರವಣಿಗೆಯ ಅಭ್ಯಾಸವನ್ನೆಲ್ಲ ಕುಳಿತೇ ಮಾಡಿದೆ.

ನಿಂತು ಓದಿದರೆ ಮೈ ಕರಗುತ್ತದೆ ಎಂದು ನಂಬಿದವರು ನಮ್ಮಲ್ಲಿದ್ದಾರೆ. ಕುಳಿತಾಗಿಗಿಂತ ನಿಂತಾಗ ಗಂಟೆಗೆ ಖರ್ಚಾಗುವ ಹೆಚ್ಚುವರಿ ಶಕ್ತಿ ಸುಮಾರು ಹತ್ತು ಕ್ಯಾಲರಿಯಷ್ಟೇ, ಅದರಿಂದ ಹೊಟ್ಟೆ ಇಳಿಯುವುದಿಲ್ಲ. ಕುಳಿತಿರುವ ಹೊತ್ತನ್ನು ಕಡಿಮೆ ಮಾಡಬೇಕೆನ್ನುವ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆಯನ್ನು ಬೇರೆಯಾಗಿಯೇ ಹೇಳಿದೆ. ಆದ್ದರಿಂದ ಬೆಳಗಿನ ನಡಿಗೆಯನ್ನು ನಾನು ಬಿಡಲಿಲ್ಲ.

ಈಗ ಆ ಜಾಗ ಹತ್ತನೆಯ ತರಗತಿಯ ಮಗಳದು. ಅವಳ ಮೊಣಕೈ 38 ಇಂಚಿಗೆ ಬರುವುದರಿಂದ ವ್ಯಾಸಪೀಠ ಎತ್ತರವಾಯಿತು. ಊರಿನ ಆಚಾರಿಯಿಂದ ಸಿಲ್ವರ್ ಓಕಿನ ಹಲಗೆಯಲ್ಲಿ ನಾಲ್ಕಿಂಚಿನ ಇಳಿಜಾರು ಪೀಠವೊಂದನ್ನು ಮಾಡಿಸಿ ಪತ್ತಾಯದ ಮೇಲಿಟ್ಟಿದ್ದೇನೆ. ಪುಸ್ತಕ ಜಾರದಂತೆ ಅದರ ಕೆಳ ಅಂಚಿಗೆ ಬೆರಳು ದಪ್ಪದ ಪಟ್ಟಿ ಹೊಡೆಸಿದ್ದೇನೆ.