ಗಂಟಲ ಕ್ಯಾನ್ಸರ್ ಬಯಾಪ್ಸಿ ರಿಪೋರ್ಟಿನಲ್ಲಿ ಪಿ16 ಅಂತ ಬರೆದಿದ್ದರೆ ಹೇಗೆ ಓದುವುದು

ಮಡಿಕೇರಿ, ವಿರಾಜಪೇಟೆ ಕಡೆಯವರು ಮೈಸೂರಿಗೋ ಬೆಂಗಳೂರಿನ ಕಿದ್ವಾಯಿಗೋ ಹೊರಡುವ ಮುಂಚೆ ರಿಪೋರ್ಟಿನ ಫೋಟೋ ಕಳಿಸಿ ಕೇಳುವುದು ಒಂದೇ: "ಪಿ16 ಪಾಸಿಟಿವ್ ಅಂತೆ ಅಕ್ಕ, ಕಾಯಿಲೆ ಜಾಸ್ತಿ ಆಗಿದೆಯಾ?" ಹಾಗಲ್ಲ. ಪಿ16 ಅನ್ನುವುದು ಜೀವಕೋಶದೊಳಗಿನ ಒಂದು ಪ್ರೋಟೀನ್, ಗಂಟಲ ಗೆಡ್ಡೆಯಲ್ಲಿ ಅದು ಜಾಸ್ತಿ ಕಂಡರೆ ಕ್ಯಾನ್ಸರ್ ಎಚ್‌ಪಿವಿ ಅನ್ನುವ ವೈರಸ್ಸಿನಿಂದ ಬಂದಿರಬಹುದು ಅಂತ ಸುಳಿವು. ಇಲ್ಲಿ ಪಾಸಿಟಿವ್ ಅನ್ನುವುದು ಎಷ್ಟೋ ಸಲ ಒಳ್ಳೆ ಸುದ್ದಿಯೇ. ಆದರೆ ತುಂಡು ತೆಗೆದದ್ದು ಎಲ್ಲಿಂದ ಅನ್ನುವುದು ಗೊತ್ತಿರಬೇಕು.

ಅದಕ್ಕೇ ಮೊದಲು ಜಾಗ ನೋಡಿ. ರಿಪೋರ್ಟಿನ ಮೇಲ್ಭಾಗದಲ್ಲಿ ಸ್ಪೆಸಿಮನ್ ಅಂತ ಇರುತ್ತದೆ. ಅಲ್ಲಿ ಟಾನ್ಸಿಲ್, ನಾಲಿಗೆಯ ಬುಡ ಅಂತಿದ್ದರೆ ಅದು ಓರೋಫ್ಯಾರಿಂಕ್ಸ್, ಅಂದರೆ ಬಾಯಿಯ ಹಿಂದಿರುವ ಗಂಟಲ ಭಾಗ. ಪಿ16ಗೆ ನಿಜವಾದ ಬೆಲೆ ಅಲ್ಲಿ. ಕೆನ್ನೆಯ ಒಳಭಾಗ, ವಸಡು, ನಾಲಿಗೆಯ ಮುಂಭಾಗ ಅಂತಿದ್ದರೆ ಪಿ16 ಏನೇ ಬಂದರೂ ಚಿಕಿತ್ಸೆ ಬದಲಾಗುವುದಿಲ್ಲ. ನಮ್ಮ ದೇಶದಲ್ಲಿ ಜಾಸ್ತಿ ಇರುವುದು ಈ ಬಾಯಿ ಕ್ಯಾನ್ಸರೇ, ಕಾರಣ ತಂಬಾಕು ಮತ್ತು ಅಡಿಕೆ. ಎಸ್ಟೇಟಿನ ಲೈನ್ ಮನೆಗಳಲ್ಲಿ "ನಾನು ಹೊಗೆಸೊಪ್ಪು ಹಾಕಲ್ಲ, ಬರೀ ಎಲೆ ಅಡಿಕೆ" ಅನ್ನುವವರು ಬಹಳ ಮಂದಿ, ಆದರೆ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ.

ಈಗ ತಂಬಾಕಿನ ಕ್ಯಾನ್ಸರಿಗೂ ಎಚ್‌ಪಿವಿ ಕ್ಯಾನ್ಸರಿಗೂ ಇರುವ ಒಳಗಿನ ವ್ಯತ್ಯಾಸ. ನಮ್ಮ ಜೀವಕೋಶದಲ್ಲಿ ಪಿ53 ಅಂತ ಒಂದು ಪ್ರೋಟೀನ್ ಇದೆ. ಎಸ್ಟೇಟಿನ ರೈಟರ್ ಇದ್ದ ಹಾಗೆ, ಕೆಲಸ ಕೆಟ್ಟರೆ ನಿಲ್ಲಿಸುವವನು ಅವನೇ. ತಂಬಾಕಿನ ಕ್ಯಾನ್ಸರಿನಲ್ಲಿ ಈ ರೈಟರೇ ಕೆಟ್ಟಿರುತ್ತಾನೆ, ಅಂದರೆ ಆ ಜೀನ್‌ನಲ್ಲೇ ಮ್ಯುಟೇಶನ್. ಎಚ್‌ಪಿವಿ ವೈರಸ್‌ನ ಕ್ಯಾನ್ಸರಿನಲ್ಲಿ ರೈಟರ್ ಸರಿಯಾಗೇ ಇರುತ್ತಾನೆ, ವೈರಸ್ಸಿನ ಇ6 ಅನ್ನುವ ಪ್ರೋಟೀನ್ ಅವನನ್ನು ಬಂದ ಬಂದ ಹಾಗೇ ಹೊರಗೆ ಎಳೆದು ಹಾಕುತ್ತದೆ. ಜೀನ್ ಕೆಟ್ಟಿಲ್ಲವಲ್ಲ, ರೇಡಿಯೇಶನ್‌ಗೆ ಈ ಗೆಡ್ಡೆಗಳು ಚೆನ್ನಾಗಿ ಬಗ್ಗುವುದಕ್ಕೆ ಅದೂ ಒಂದು ಕಾರಣ ಅನ್ನುತ್ತಾರೆ.

ಪಿ16 ಬರುವುದು ಇನ್ನೊಂದು ದಾರಿಯಲ್ಲಿ. ವೈರಸ್ಸಿನ ಇ7 ಅನ್ನುವ ಇನ್ನೊಂದು ಪ್ರೋಟೀನ್, ಕೋಶ ಸುಮ್ನೆ ಬೆಳೆಯದಂತೆ ತಡೆಯುವ ಆರ್‌ಬಿ ಅನ್ನುವ ಬ್ರೇಕನ್ನು ಮುರಿಯುತ್ತದೆ. ಆಗ ಕೋಶ ಪಿ16 ಅನ್ನು ರಾಶಿ ರಾಶಿ ತಯಾರಿಸುತ್ತದೆ, ಆದರೆ ಬ್ರೇಕೇ ಇಲ್ಲದ ಮೇಲೆ ಅದರಿಂದ ಏನೂ ನಿಲ್ಲುವುದಿಲ್ಲ. ತಂಬಾಕಿನ ಗೆಡ್ಡೆಯಲ್ಲಿ ಇದಕ್ಕೆ ಉಲ್ಟಾ, ಪಿ16ನ ಜೀನೇ ಎಷ್ಟೋ ಸಲ ಕಳೆದುಹೋಗಿರುತ್ತದೆ. ಸ್ಲೈಡಿಗೆ ಬಣ್ಣ ಹಾಕಿದಾಗ ಕಂದು ಬಣ್ಣ 70% ಅಥವಾ ಜಾಸ್ತಿ ಕೋಶಗಳಲ್ಲಿ, ನ್ಯೂಕ್ಲಿಯಸ್ಸಿನಲ್ಲೂ ಸುತ್ತಲೂ ಗಾಢವಾಗಿ ಕಂಡರೆ ಪಾಸಿಟಿವ್. ಅಲ್ಲೊಂದು ಇಲ್ಲೊಂದು ಚುಕ್ಕೆ ಇದ್ದರೆ ಲೆಕ್ಕಕ್ಕಿಲ್ಲ. ಇದು ವೈರಸ್ಸನ್ನೇ ಹುಡುಕುವ ಟೆಸ್ಟ್ ಅಲ್ಲ ಅನ್ನುವುದೂ ನೆನಪಿರಲಿ. ಅನುಮಾನ ಇದ್ದರೆ ಎಚ್‌ಪಿವಿ ಡಿಎನ್‌ಎ ಅಥವಾ ಆರ್‌ಎನ್‌ಎ ಟೆಸ್ಟ್ ಬೇಕಾ ಅಂತ ಡಾಕ್ಟರನ್ನು ಕೇಳಿ.

ಸ್ಟೇಜ್ ನೋಡಿ ಗಾಬರಿ ಆಗುವವರೇ ಜಾಸ್ತಿ. ಟಾನ್ಸಿಲ್‌ನಲ್ಲಿ 3 ಸೆಂಟಿಮೀಟರ್ ಗೆಡ್ಡೆ, ಅದೇ ಕಡೆ ಕುತ್ತಿಗೆಯಲ್ಲಿ 4 ಸೆಂಟಿಮೀಟರಿನ ಒಂದು ಗಂಟು ಅಂತಿಟ್ಟುಕೊಳ್ಳಿ. ಪಿ16 ನೆಗೆಟಿವ್ ಆದರೆ ಸ್ಟೇಜ್ 4ಎ. ಪಾಸಿಟಿವ್ ಆದರೆ 2018ರಲ್ಲಿ ಬಳಕೆಗೆ ಬಂದ ಸ್ಟೇಜ್ ಪಟ್ಟಿಯಲ್ಲಿ ಸ್ಟೇಜ್ 1. ಗೆಡ್ಡೆ ಅಷ್ಟೇ, ಗಂಟು ಅಷ್ಟೇ! ಹಾಗಾಗಿ ಪಿ16 ಮಾಡಿಸದೆ ಹೇಳಿದ ಸ್ಟೇಜನ್ನು ಹಿಡಿದುಕೊಂಡು ಕೂರಬೇಡಿ. 2010ರಲ್ಲಿ ಬಂದ ಅಮೆರಿಕದ ಒಂದು ಅಧ್ಯಯನದಲ್ಲಿ 3 ವರ್ಷದ ನಂತರ ಬದುಕಿದ್ದವರು ಎಚ್‌ಪಿವಿ ಇದ್ದವರಲ್ಲಿ ಸುಮಾರು 82%, ಇಲ್ಲದವರಲ್ಲಿ 57%. ಆದರೆ ವರ್ಷಗಟ್ಟಲೆ ಬೀಡಿ ಸಿಗರೇಟ್ ಸೇದಿದವರಿಗೆ ಈ ಅನುಕೂಲ ಅಷ್ಟು ಸಿಗುವುದಿಲ್ಲ, ಅದನ್ನು ಡಾಕ್ಟರ ಹತ್ತಿರ ಮುಚ್ಚಿಡಬೇಡಿ.

"ಹಾಗಾದ್ರೆ ಕರೆಂಟ್ (ರೇಡಿಯೇಶನ್), ಕೀಮೋ ಕಮ್ಮಿ ಮಾಡಿಸಬಹುದಲ್ವಾ?" ಟ್ರಯಲ್, ಅಂದರೆ ಆಸ್ಪತ್ರೆಯವರು ನಿಯಮ ಹಾಕಿಕೊಂಡು ಮಾಡುವ ಚಿಕಿತ್ಸಾ ಪ್ರಯೋಗ, ಅದರ ಹೊರಗೆ ಬೇಡ. ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಬದಲು ಸೆಟುಕ್ಸಿಮ್ಯಾಬ್ ಅನ್ನುವ ಬೇರೆ ಔಷಧಿ ಕೊಟ್ಟು ನೋಡಿದ ಎರಡು ದೊಡ್ಡ ಟ್ರಯಲ್‌ಗಳ ಫಲಿತಾಂಶ 2018ರಲ್ಲಿ ಬಂತು, ಎರಡರಲ್ಲೂ ಬದುಕುಳಿದವರು ಕಮ್ಮಿಯೇ ಆದರು.

ಮನೆಯಲ್ಲಿ ಸುಮ್ನೆ ಜಗಳವೂ ಬೇಡ. ಎಚ್‌ಪಿವಿ ಲೈಂಗಿಕ ಸಂಪರ್ಕದಿಂದ ಬರುತ್ತದೆ, ನಿಜ. ಆದರೆ ಬಹಳ ಸಾಮಾನ್ಯವಾದ ವೈರಸ್ಸು ಅದು, ಹೆಚ್ಚಿನವರಲ್ಲಿ ತಾನಾಗೇ ಹೋಗುತ್ತದೆ, ಕ್ಯಾನ್ಸರ್ ಆಗುವುದು ಸೋಂಕು ತಗುಲಿ ಎಷ್ಟೋ ವರ್ಷಗಳ ಮೇಲೆ. ಗಂಡ ಹೆಂಡತಿ ಯಾರನ್ನೂ ಅನುಮಾನಿಸಲು ಈ ರಿಪೋರ್ಟ್ ಆಧಾರ ಅಲ್ಲ.

ರಿಪೋರ್ಟಿನಲ್ಲಿ ಪಿ16 ಇಲ್ಲವೇ ಇಲ್ಲ ಅಂದರೆ ಇನ್ನೊಮ್ಮೆ ಬಯಾಪ್ಸಿಗೆ ಓಡುವ ಮುಂಚೆ ಮೊದಲ ಬಯಾಪ್ಸಿ ಮಾಡಿದ ಲ್ಯಾಬಿನಲ್ಲಿ ಪ್ಯಾರಾಫಿನ್ ಬ್ಲಾಕ್ ಮತ್ತು ಸ್ಲೈಡ್ ಕೇಳಿ. ಬೆರಳ ತುದಿಯಷ್ಟು ಮೇಣದ ತುಂಡು ಅದು, ಒಳಗೆ ನಿಮ್ಮವರ ಅಂಗಾಂಶ ಇರುತ್ತದೆ, ಸಾಮಾನ್ಯವಾಗಿ ಅದರಿಂದಲೇ ಟೆಸ್ಟ್ ಮಾಡಬಹುದು. ಬ್ಲಾಕ್ ಮೇಲಿನ ನಂಬರೂ ರಿಪೋರ್ಟಿನ ನಂಬರೂ ಒಂದೇನಾ ಅಂತ ಅಲ್ಲೇ ನಿಂತು ನೋಡಿ, ಡಬ್ಬಿಯಲ್ಲಿ ಹಾಕಿ ಕೈಚೀಲದಲ್ಲಿ ಇಟ್ಟುಕೊಳ್ಳಿ. ಕಾರಿನಲ್ಲಿ ಹೋಗುವುದಾದರೆ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ, ಮೇಣ ಮೆತ್ತಗಾಗುತ್ತದೆ.